ಅಧ್ಯಕ್ಷೆಯ ಗಂಡ ಕೂತ ಬೆಂಚು

ನಮ್ಮೂರಿನಲ್ಲಿ ಅಧ್ಯಕ್ಷಗಿರಿ ಅಂದರೆ ಅಮೆರಿಕದ ಅಧ್ಯಕ್ಷಗಿರಿ. ಆ ದೇಶದ ಅಧ್ಯಕ್ಷರಿಗೆ ಯಾವ ಅಧಿಕಾರ ಉಂಟೋ ನಮ್ಮೂರ ಅಧ್ಯಕ್ಷರಿಗೂ ಅದೇ ಉಂಟು. ಅವರ ಕೈ ಎಲ್ಲಿ ಸಾಗದೋ ನಮ್ಮವರ ಕೈಯೂ ಅಲ್ಲಿ ಸಾಗದು. ಗುಲಗಂಜಿಯಷ್ಟು ಹೆಚ್ಚಿಲ್ಲ, ಗುಲಗಂಜಿಯಷ್ಟು ಕಡಿಮೆಯಿಲ್ಲ. ವ್ಯತ್ಯಾಸ ಒಂದೇ: ಅಲ್ಲಿ ಅದೆಲ್ಲ ಕಾಗದದ ಮೇಲಿದೆಯಂತೆ, ನಮ್ಮಲ್ಲಿ ಕಲ್ಲುಮಣ್ಣಿಗೂ ಗೊತ್ತಿದೆ. ಊರ ಸಭೆ ಗೋಡೆ ಕಟ್ಟಬೇಕೆಂದು ಠರಾವು ಮಾಡಿ, ಅಧ್ಯಕ್ಷರು ಅದಕ್ಕೆ ‘ಬ್ಯಾಡ’ ಅಂದರೆ ಇಟ್ಟಿಗೆ ಗಾರೆಯನ್ನು ಹಿಡಿಯುವುದಿಲ್ಲ. ಗೌಂಡಿಗಳು ಒಂದರ ಮೇಲೊಂದು ಇಟ್ಟಂತೆ ಒಂದೊಂದಾಗಿ ಜಾರಿ ಬೀಳುತ್ತವೆ. ಸಭೆಯ ಹದಿನೈದು ಮೆಂಬರುಗಳಲ್ಲಿ ಹತ್ತು ಜನ ಕೈ ಎತ್ತಿದರೆ ಮಾತ್ರ ಮತ್ತೆ ಗೋಡೆ ನಿಲ್ಲುತ್ತದೆ. ಹೀಗೇಕೆ ಎಂದು ನಾವು ಕೇಳಿದವರಲ್ಲ. ಬೇವು ಯಾಕೆ ಕಹಿ ಎಂದು ಯಾರಾದರೂ ಕೇಳುತ್ತಾರೆಯೇ?

ನನ್ನ ಹೆಸರು ಫಕೀರಪ್ಪ. ಮದುವೆ, ಮುಂಜಿ, ಭಾಷಣಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುವುದು ನನ್ನ ಕಸುಬು. ಊರಲ್ಲಿ ನನಗಿಂತ ದೊಡ್ಡ ದನಿ ಯಾರದೂ ಇರಲಿಲ್ಲ. ಆ ದನಿಗೆ ಒಂದು ಅಧಿಕಾರವೂ ಸೇರಿದರೆ ಚೆನ್ನ ಎಂದು ನನಗೆ ಬಹಳ ವರ್ಷದಿಂದ ಆಸೆಯಿತ್ತು. ಆದರೆ ಅಧ್ಯಕ್ಷರಾಗುವವರು ಇದೇ ಊರಿನಲ್ಲಿ ಹುಟ್ಟಿರಬೇಕೆಂಬ ನಿಯಮವಿದೆ. ಅಮೆರಿಕದಲ್ಲಿ ಅದು ಸಲೀಸಾಗಿ ನಡೆಯುತ್ತಿರಬಹುದು, ಅಲ್ಲಿಯ ಬಸುರಿಯರು ಹೆರಿಗೆಗೆ ತವರಿಗೆ ಹೋಗುವುದಿಲ್ಲವೇನೋ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಹೀಗಾಗಿ ಊರಿನ ಹಿರಿಯ ಮಕ್ಕಳು, ಮನೆತನದ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಎದೆಯುಬ್ಬಿಸಿ ನಡೆಯುವವರು, ಹೆಚ್ಚುಕಡಿಮೆ ಎಲ್ಲರೂ ಪರವೂರಿನಲ್ಲಿ ಹುಟ್ಟಿದವರು. ಬಜಾರಿನ ಅರ್ಧ ಅಂಗಡಿಗಳ ಒಡೆಯ ಗುರುಶಾಂತಪ್ಪ ಸಾವ್ಕಾರ ಹಿರಿಯ ಮಗ. ನಾನೂ ಹಿರಿಯ ಮಗ. ಹುಡುಗನಾಗಿದ್ದಾಗ ಒಮ್ಮೆ ಯಾರೂ ಇಲ್ಲದ ಹೊತ್ತು ನೋಡಿ ಅಧ್ಯಕ್ಷರ ಕುರ್ಚಿಯಲ್ಲಿ ಕೂರಲು ಹೋಗಿದ್ದೆ. ಅದು ಹಾಲು ಕೊಡದ ಎಮ್ಮೆಯಂತೆ ಪಕ್ಕಕ್ಕೆ ಸರಿಯಿತು, ನಾನು ನೆಲಕ್ಕೆ ಕುಕ್ಕರಿಸಿದೆ. ಮೆಂಬರಾಗಲು ಮಾತ್ರ ಹುಟ್ಟಿನ ಕಟ್ಟಳೆಯಿಲ್ಲ. ಸಾವ್ಕಾರ ಸಭೆಯ ಯಜಮಾನನಾದ, ನಾನು ಮೂಲೆಯ ಬೆಂಚಿನ ಮೆಂಬರಾದೆ.

ನನ್ನ ಹೆಂಡತಿ ಕಸ್ತೂರೆವ್ವ ಮೂರನೆಯ ಮಗಳು. ಇದೇ ಊರಿನ ಗಾಣಿಗರ ಓಣಿಯಲ್ಲಿ ಹುಟ್ಟಿ, ನಾಲ್ಕು ಓಣಿ ದಾಟಿ ನನ್ನ ಮನೆಗೆ ಬಂದವಳು. ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಗಂಡ ಆಳುವುದು ಸುತ್ತಲಿನ ಹತ್ತೂರಲ್ಲಿ ನಡೆದುಬಂದ ಪದ್ಧತಿ. ಯೋಚನೆ ನನಗೆ ಹೊಳೆದ ದಿನ ರಾತ್ರಿ ನಿದ್ದೆ ಬರಲಿಲ್ಲ. ಆಕೆ ಬಜಾರಿನ ದಾರಿಯಲ್ಲಿ ಬುಟ್ಟಿಯಿಟ್ಟು ಜೋಳದ ರೊಟ್ಟಿ ಮಾರುತ್ತಿದ್ದಳು. ಊರಲ್ಲಿ ಆಕೆಯ ಕೈರೊಟ್ಟಿ ತಿನ್ನದವರಿರಲಿಲ್ಲ. ನಾನು ಮೈಕು ಹಿಡಿದು ಓಣಿ ಓಣಿ ಕೂಗಿದೆ. ಆಕೆ ಒಂದು ಮಾತೂ ಆಡದೆ ಗೆದ್ದಳು.

ಪಟ್ಟಕ್ಕೇರಿದ ಮರುದಿನವೇ ನನಗೆ ನಿಜ ತಿಳಿಯಿತು. ಗಟಾರದ ಮೇಲೆ ಚಪ್ಪಡಿ ಹಾಕುವ ಒಂದು ಹಳೆಯ ಠರಾವಿತ್ತು. ಚಪ್ಪಡಿ ನಮ್ಮ ಮನೆಯ ಮುಂದಕ್ಕೆ ಬರುತ್ತಿರಲಿಲ್ಲ, ಅದಕ್ಕೆ ನನಗೆ ಸಿಟ್ಟು. ಅಧ್ಯಕ್ಷರ ಪರವಾಗಿ ಮೈಕಿನಲ್ಲಿ ‘ಬ್ಯಾಡ’ ಎಂದು ಮೂರು ಸಲ ಗುಡುಗಿದೆ. ಚಪ್ಪಡಿಗಳು ಚೆಂದಾಗಿ ಒಂದರ ಪಕ್ಕ ಒಂದು ಕೂತವು. ಕೂಲಿಯವರು ಬಿದ್ದುಬಿದ್ದು ನಕ್ಕರು. ಅಧಿಕಾರ ಆಕೆಯ ಬಾಯಲ್ಲಿತ್ತು, ನನ್ನ ಮೈಕಿನಲ್ಲಿರಲಿಲ್ಲ.

ಆಕೆಯ ಬಾಯಿಗೂ ಎಲ್ಲವೂ ಸಾಧ್ಯವಿರಲಿಲ್ಲ. ಊರ ನಾಯಿಗಳೆಲ್ಲ ಅಧ್ಯಕ್ಷರ ಪಡೆ, ಆಕೆ ಬೆರಳೆತ್ತಿದರೆ ಸಾಲಾಗಿ ನಿಲ್ಲುತ್ತಿದ್ದವು. ಆದರೆ ಅವಕ್ಕೊಂದು ತುಣುಕು ರೊಟ್ಟಿ ಹಾಕಲು ಊರ ತಿಜೋರಿಗೆ ಕೈಯಿಟ್ಟರೆ ತಿಜೋರಿ ಬಾಯಿ ಬಿಡುತ್ತಿರಲಿಲ್ಲ. ಅದರ ಕೀಲಿ ಸಭೆಯದು. ನನ್ನ ಎದುರಾಳಿ ತಿಪ್ಪಣ್ಣ ಹೊಸ ಮೈಕ್‌ಸೆಟ್ ಅಂಗಡಿ ತೆರೆದಾಗ ನಾನು ಹೆಂಡತಿಗೆ, “ಒಂದು ಸಲ ಬ್ಯಾಡ ಅಂದುಬಿಡು,” ಎಂದು ದುಂಬಾಲು ಬಿದ್ದೆ.

“ಅದು ಸಭಾದ ಠರಾವೇನ್ರೀ?” ಅಂದಳು.

“ಅಲ್ಲ.”

“ಹಂಗಾರ ನನ್ನ ಮಾತು ಅಲ್ಲಿ ನಡೆಯೂದಿಲ್ಲ. ನಡೆದ್ರೂ ನಾ ಅನ್ನಾಕಿ ಅಲ್ಲ.”

ಮೊದಲನೆಯ ಮಾತಿಗಿಂತ ಎರಡನೆಯದು ನನಗೆ ಹೆಚ್ಚು ಚುಚ್ಚಿತು. ಅಷ್ಟರಲ್ಲಿ ಬಜಾರಿನಲ್ಲಿ ನನ್ನನ್ನು ಫಕೀರಪ್ಪ ಎಂದು ಕರೆಯುವವರೇ ಇಲ್ಲವಾಗಿದ್ದರು. ಚಹಾದಂಗಡಿಯವನೂ ‘ಅಧ್ಯಕ್ಷರ ಮನೆಯವರಿಗೆ ಒಂದು ಚಹಾ’ ಅನ್ನುತ್ತಿದ್ದ. ನಾನು ಮುಖ ಊದಿಸಿಕೊಂಡು ಓಡಾಡಿದೆ. ಊದಿದ ಮುಖವನ್ನು ಮೊದಲು ಕಂಡವನು ಸಾವ್ಕಾರ.

ಸಾವ್ಕಾರನಿಗೆ ಬಜಾರಿನ ದಾರಿ ಬೇಕಾಗಿತ್ತು. ಅವನ ಅಂಗಡಿಗಳ ಮುಂದೆ ಸೊಪ್ಪು, ಲಿಂಬೆ, ಮೊಸರು, ರೊಟ್ಟಿ ಮಾರುವ ಹೆಂಗಸರು ಅಜ್ಜಿಯರ ಕಾಲದಿಂದ ಕೂತಿದ್ದರು. ಅವರನ್ನೆಲ್ಲ ಹಳ್ಳದ ಆಚೆ ಕಳಿಸಿ, ಆ ಜಾಗದಲ್ಲಿ ಗಿರಾಕಿಗಳ ಗಾಡಿ ನಿಲ್ಲಿಸಬೇಕೆಂದು ಅವನು ಠರಾವು ತಂದ. ಅವನ ಕಡೆ ಒಂಬತ್ತು ಕೈಗಳಿದ್ದವು. ಪಾಸು ಮಾಡಲು ಅಷ್ಟು ಸಾಕು. ಕಸ್ತೂರೆವ್ವ ‘ಬ್ಯಾಡ’ ಅಂದರೆ ಮಾತ್ರ ಹತ್ತನೆಯ ಕೈ ಬೇಕು. ಒಂದು ಮಧ್ಯಾಹ್ನ ನನ್ನನ್ನು ಅಂಗಡಿಯೊಳಗೆ ಗಾದಿಯ ಮೇಲೆ ಕೂರಿಸಿ ಬಾಳಕ ಮೆಣಸಿನಕಾಯಿ, ಮಂಡಕ್ಕಿ ತರಿಸಿದ.

“ಫಕೀರಪ್ಪ, ಊರ ಕೆಲಸಕ್ಕೆಲ್ಲ ಇನ್ನು ನಿನ್ನ ಮೈಕೇ ಅಂತ ಮಾಡಿಬಿಡೂಣು. ತಿಪ್ಪಣ್ಣಗ ಒಂದೂ ಇಲ್ಲ. ಆಕಿ ಏನರ ಬ್ಯಾಡ ಅಂದ್ರ, ನೀ ಒಂದು ಕೈ ಎತ್ತಬೇಕು, ಅಷ್ಟೇ.”

“ನನ್ನ ಹೇಣ್ತಿ ಮಾತಿನ ವಿರುದ್ಧ ನಾ ಕೈ ಎತ್ತೂದು ಹೆಂಗ್ರಿ?”

“ಹೇಣ್ತಿ ಮನ್ಯಾಗ. ಸಭಾದಾಗ ಆಕಿ ಅಧ್ಯಕ್ಷಿ, ನೀ ಮೆಂಬರ. ನಿನಗೂ ಒಂದು ಮರ್ಯಾದಿ ಐತಿಲ್ಲೋ?”

ಆಗಲಿ ಎಂದು ಬಂದೆ. ಊರಲ್ಲಿ ಗೋಡೆಗೂ ಕಿವಿ. ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮನೆ ಮುಟ್ಟಿತ್ತು.

ಒಂಬತ್ತು ಕೈಗಳಿಂದ ಪಾಸಾದ ಠರಾವಿನ ಕಾಗದ ಅಧ್ಯಕ್ಷರ ಕೈಸೇರಿತು. ಊರೆಲ್ಲ ‘ಬ್ಯಾಡ’ ಎಂಬ ಮಾತಿಗೆ ಕಿವಿಗೊಟ್ಟು ಕೂತಿತು. ಆಕೆ ‘ಬ್ಯಾಡ’ ಅನ್ನಲಿಲ್ಲ. ‘ಆಗ್ಲಿ’ ಎಂದೂ ಅನ್ನಲಿಲ್ಲ. ಸುಮ್ಮನಾದಳು.

ಸುಮ್ಮನಿರುವುದಕ್ಕೂ ಅಮೆರಿಕದಲ್ಲಿ ಒಂದು ನಿಯಮವಿದೆ. ಅಧ್ಯಕ್ಷರು ಹತ್ತು ದಿನ ಬಾಯಿ ಬಿಡದಿದ್ದರೆ, ರವಿವಾರ ಲೆಕ್ಕಕ್ಕಿಲ್ಲ, ಠರಾವು ತಾನಾಗಿಯೇ ಜಾರಿಗೆ ಬರುತ್ತದೆ. ಆದರೆ ಆ ಹತ್ತು ದಿನದೊಳಗೆ ಸಭೆ ಎದ್ದು ಹೋಗಿಬಿಟ್ಟರೆ ಠರಾವು ಸತ್ತಂತೆ; ಆಮೇಲೆ ಹತ್ತು ಕೈಯಲ್ಲ, ಹದಿನೈದು ಕೈ ಎತ್ತಿದರೂ ಬದುಕುವುದಿಲ್ಲ. ಸಾವ್ಕಾರನಿಗೆ ಇದು ಚೆನ್ನಾಗಿ ಗೊತ್ತಿತ್ತು. ಸಭೆ ಏಳಕೂಡದೆಂದು ಅವನು ಪಾಳಿ ಹಾಕಿದ. ಒಬ್ಬ ಮೆಂಬರು ಬೆಂಚಿನ ಮೇಲೆ ಕೂತಿದ್ದರೂ ಸಭೆ ನಡೆದಿದೆ ಎಂದೇ ಅರ್ಥ. ಹಗಲಿಗೆ ಒಬ್ಬ, ರಾತ್ರಿಗೆ ಒಬ್ಬ, ಕಾಳಿನ ರಾಶಿ ಕಾದಂತೆ ಬೆಂಚು ಕಾದರು.

ಆ ದಿನಗಳಲ್ಲಿ ನಮ್ಮ ಮನೆಯ ಪಜೀತಿ ಹೇಳತೀರದು. ಅಪ್ಪಿತಪ್ಪಿ ಒಂದು ಮಾತು ಬಾಯಿಂದ ಜಾರಿದರೆ ಕಲ್ಲುಮಣ್ಣು ಯಾವುದಕ್ಕೆ ಅಂದಳು ಎಂದು ಕೇಳುತ್ತಾ ಕೂರುವುದಿಲ್ಲ. ಹೀಗಾಗಿ ಆಕೆ ಊಟಕ್ಕೂ ‘ಬ್ಯಾಡ’ ಅನ್ನುವಂತಿರಲಿಲ್ಲ, ‘ಆಗ್ಲಿ’ ಅನ್ನುವಂತಿರಲಿಲ್ಲ. ನನಗೆ ಕೀಟಲೆ. “ಇನ್ನಷ್ಟು ಅನ್ನ ಹಾಕ್ಲೇನು?” ಎಂದು ಸೌಟು ಹಿಡಿದು ನಿಲ್ಲುತ್ತಿದ್ದೆ. ಆಕೆ ಎರಡೂ ಕೈಯಿಂದ ತಾಟು ಮುಚ್ಚುತ್ತಿದ್ದಳು. “ಮಜ್ಜಿಗಿ?” ವಾಟಿಯನ್ನು ಬೋರಲು ಹಾಕುತ್ತಿದ್ದಳು. “ನಿಮ್ಮ ಅಕ್ಕನ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಾ ಮತ್ತ?” ಆಕೆ ಕಣ್ಣು ಕೆಕ್ಕರಿಸಿ ನೋಡಿ ಒಲೆಯ ಕಡೆ ತಿರುಗುತ್ತಿದ್ದಳು. ಕೊನೆಗೆ ಒಂದು ಸಂಜೆ ನನಗೇ ತಡೆಯಲಾಗಲಿಲ್ಲ.

“ಯಾಕ ಹಿಂಗ ಸುಮ್ಮನ ಕುಂತೀ? ಅನ್ನೂದಿದ್ರ ಅಂದು ಮುಗಸು.”

ಆಕೆ ಹಿಟ್ಟಿನ ಕೈಯನ್ನು ನೋಡಿಕೊಳ್ಳುತ್ತಾ ಅಂದಳು: “ಆ ಮಾತು ಅಂದ್ರ ನೀವು ಹತ್ತು ಮಂದಿ ಎದುರು ನನ್ನ ವಿರುದ್ಧ ಕೈ ಎತ್ತಬೇಕಾಗ್ತದ. ಎತ್ತಿದ ಕೈಯಾಗ ಮತ್ತ ನನ್ನ ಕೈಲಿಂದ ರೊಟ್ಟಿ ಇಸ್ಕೋಬೇಕಾಗ್ತದ. ನಿಮಗ ಅದು ಆಗೂದಿಲ್ಲ. ನನಗ ಗೊತ್ತೈತಿ.”

ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆಕೆ ಬೈಯಲಿಲ್ಲ. ಅಂದಿನಿಂದ ಸೌಟು ಹಿಡಿದು ಕೀಟಲೆ ಮಾಡುವುದನ್ನು ಬಿಟ್ಟೆ. ಆದರೂ ಮೈಕಿನ ಆಸೆ ಪೂರ್ತಿ ಇಳಿದಿರಲಿಲ್ಲ.

ಹತ್ತನೆಯ ದಿನವೇ ಸಾವ್ಕಾರನ ಮಗಳ ಮದುವೆ ಬಂತು. ಬೀಗರ ಊರಲ್ಲಿ, ಮುಹೂರ್ತ ಎಷ್ಟೋ ಮೊದಲೇ ಕೂಡಿದ್ದು. ಮೆಂಬರುಗಳಲ್ಲಿ ಅರ್ಧ ಜನ ಸಾವ್ಕಾರನ ಬಳಗ, ಉಳಿದರ್ಧ ಹೋಳಿಗೆಯ ಬಳಗ. ಬೆಂಚು ಕಾಯಲು ಯಾರೂ ಒಪ್ಪಲಿಲ್ಲ. ಸಾವ್ಕಾರ ನನ್ನ ಹೆಗಲ ಮೇಲೆ ಕೈಯಿಟ್ಟ.

“ನೀ ಒಬ್ಬ ಕೂಡು. ಹೊತ್ತು ಮುಳುಗೂತನಕ. ಹೊತ್ತು ಮುಳುಗಿತಂದ್ರ ಹತ್ತು ದಿನ ತುಂಬಿತು, ಠರಾವು ತಾನೇ ಜಾರಿ ಆತು. ಕುಂಡಿ ಮಾತ್ರ ಬೆಂಚಿನಿಂದ ಎತ್ತಬ್ಯಾಡ. ನಿನಗ ಬುತ್ತಿ ಕಟ್ಟಿಸಿ ಕಳಸ್ತೀನಿ.”

ಬುತ್ತಿ ಬರಲಿಲ್ಲ. ಮದುವೆ ಗಲಾಟೆಯಲ್ಲಿ ಯಾರಿಗೆ ನೆನಪಿರುತ್ತದೆ? ಬೆಳಿಗ್ಗೆ ಜೀಪುಗಳು ಹೋದವು. ನಾನು ಸಭೆಯ ದೊಡ್ಡ ಕೋಣೆಯಲ್ಲಿ ಒಬ್ಬನೇ, ಹದಿನಾಲ್ಕು ಖಾಲಿ ಜಾಗಗಳ ನಡುವೆ ಕೂತೆ. ಮುಂದಿನ ಮೇಜಿನ ಮೇಲೆ ಠರಾವಿನ ನಕಲು. ಮುಂಜಾನೆಯಿಂದ ನೀರು ಕುಡಿದಿರಲಿಲ್ಲ. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ನೆತ್ತಿಗೆ ಬಿಸಿಲೇರುವ ಹೊತ್ತಿಗೆ ಕಾಲು ಜೋಮು ಹಿಡಿದವು. ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿದೆ. ಬೆಂಚು ಪ್ರತಿ ಸಲವೂ ‘ಎದ್ದೆಯಾ?’ ಎಂದು ಕೇಳಿದಂತೆ ಕಿರುಗುಟ್ಟಿತು.

ಲಿಂಬೆಹಣ್ಣು ಮಾರುವ ದಾವಲಬಿ ಕಿಟಕಿಯಲ್ಲಿ ಇಣುಕಿದಳು. ನನ್ನ ತಾಯಿಯ ವಯಸ್ಸಿನವಳು, ನನ್ನನ್ನು ಚಡ್ಡಿಯಿಲ್ಲದ ಕಾಲದಿಂದ ಬಲ್ಲವಳು.

“ಏನಪಾ ಫಕೀರಾ, ಕಾವು ಕೂತ ಕೋಳಿಹಂಗ ಕುಂತೀಯಲ್ಲ, ಯಾವಾಗ ಮರಿ ಆಗ್ತಾವು?”

“ಹೊತ್ತು ಮುಳುಗಿದ ಮ್ಯಾಲ, ಚಿಗವ್ವಾ,” ಅಂದೆ. ನನಗೇ ನಾಚಿಕೆಯಾಯಿತು. ಮರಿ ಅಂದರೆ ಆಕೆಯನ್ನೇ ಹಳ್ಳದ ಆಚೆ ಅಟ್ಟುವ ಠರಾವು.

“ನೀ ಯಾಕ ಮದುವಿಗೆ ಹೋಗಿಲ್ಲ? ಮೈಕು ನಿಂದಲ್ಲೇನು?”

“ಅಲ್ಲೆ ಮೈಕೇ ಇಲ್ಲ, ಬರೇ ಓಲಗ ಅಂದಿದ್ರು ಸಾವ್ಕಾರ್ರು.”

“ಯಾರು ಹೇಳಿದ್ರು? ನಸಿಕಿನ್ಯಾಗ ತಿಪ್ಪಣ್ಣ ಮೈಕಿನ ನಾಲ್ಕು ಭೋಂಗಾ ಜೀಪಿನ ಮ್ಯಾಲ ಹೇರ್ಕೊಂಡು ಹೋದ. ನಾನೇ ನೋಡೀನಿ.” ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಒಂದು ಲಿಂಬೆಹಣ್ಣು ಎಸೆದಳು. “ಮೂಸ್ಕೋತ ಕೂಡು. ಚಕ್ಕರ ಬಂದ್ರ ತಡೀತೈತಿ,” ಎಂದು ಹೊರಟುಹೋದಳು.

ಆಗ ಎದ್ದುಬಿಡಬಹುದಿತ್ತು. ಏಳಲಿಲ್ಲ. ಕೊಟ್ಟ ಮಾತು ಎಂಬ ಭಂಡತನ ಒಂದು ಕಡೆ. ಎದ್ದರೆ ಹೆಂಡತಿಯೇ ಗೆದ್ದಂತಾಗುತ್ತದಲ್ಲ ಎಂಬ ಸೊಕ್ಕು ಇನ್ನೊಂದು ಕಡೆ. ತಪ್ಪು ಮಾಡಿದ್ದೇನೆಂದು ಗೊತ್ತಾದ ಮೇಲೂ ಅದರ ಮೇಲೆಯೇ ಕೂತಿರಲು ಮನುಷ್ಯನಿಗೆ ಎಷ್ಟೊಂದು ಕಾರಣ ಸಿಗುತ್ತವೆ.

ಬಿಸಿಲು ಇಳಿಯುವ ಹೊತ್ತಿಗೆ ಕಸ್ತೂರೆವ್ವ ಬಂದಳು. ಹಿಂದೆ ನಾಯಿಗಳ ಸಾಲು. ತುಂಬಿದ ಸಭೆ ತಾನಾಗಿ ಕರೆಯದೆ ಅಧ್ಯಕ್ಷರ ಕಾಲು ಆ ಹೊಸ್ತಿಲನ್ನು ದಾಟುವುದಿಲ್ಲ, ಅದಕ್ಕೆ ಕಿಟಕಿಗೇ ಬಂದು ನಿಂತಳು. ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಟ್ಟೆ ಸರಿಸಿದಳು. ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೇಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಕಿಟಕಿಗೂ ನನ್ನ ಬೆಂಚಿಗೂ ನಡುವೆ ಒಂದು ಆಳುದ್ದಕ್ಕಿಂತ ಹೆಚ್ಚು ಜಾಗವಿತ್ತು.

“ಇದು ಲಂಚ,” ಅಂದೆ. ಬಾಯಲ್ಲಿ ನೀರೂರಿ ಮಾತು ಸರಿಯಾಗಿ ಹೊರಡಲಿಲ್ಲ.

“ಲಂಚ ಅಲ್ಲ, ಊಟ. ದಿನಾ ಕೊಡ್ತೀನಲ್ಲ, ಇವತ್ತ ಹೊಸಾದೇನು?”

“ಒಳಗ ತಂದು ಕೊಡು.”

“ಕಾಲು ಬರೂದಿಲ್ಲ. ನಿಮಗ ಗೊತ್ತೈತಿ.”

“ನಾಯಿ ಬಿಟ್ಟು ಎಬ್ಬಸ್ತೀ ಏನು ಮತ್ತ?”

“ಅವು ಹೊರಗಿಂದ ಬಂದವರ ಮ್ಯಾಲ ಬಿಡೂವು. ಸಭಾದಾಗ ಕೂತವರ ಮ್ಯಾಲ ಬಿಟ್ರ ತಿರುಗಿ ನನ್ನೇ ಕಡೀತಾವು.” ಮುಂದಿದ್ದ ಕಂದು ನಾಯಿ ಹೌದೆಂಬಂತೆ ಬಾಲ ಆಡಿಸಿತು.

ಎದುರು ಗೋಡೆಯ ಮೇಲೆ ಬಿಸಿಲು ಕೆಂಪಗಾಗುತ್ತಿತ್ತು. ಆ ಕೆಂಪು ಹೋದರೆ ದಾವಲಬಿಯ ಲಿಂಬೆಬುಟ್ಟಿಯೂ ನನ್ನ ಹೆಂಡತಿಯ ರೊಟ್ಟಿಬುಟ್ಟಿಯೂ ಬಜಾರಿನಲ್ಲಿ ನಿಲ್ಲಲಾರವು, ತಾವಾಗಿಯೇ ಜಾರಿ ಹಳ್ಳದ ಕಡೆ ಉರುಳುತ್ತವೆ. ಮಳೆಗಾಲದಲ್ಲಿ ಮದುವೆಗಳಿಲ್ಲದೆ ನನ್ನ ಮೈಕು ಮೂಲೆ ಹಿಡಿದಾಗಲೆಲ್ಲ ನಾವು ಉಂಡದ್ದು ಅದೇ ಬುಟ್ಟಿಯಿಂದ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

“ಏಳಬೇಕು ಅನಿಸ್ತೈತೇನ್ರೀ?” ಆಕೆ ಮೆಲ್ಲಗೆ ಕೇಳಿದಳು.

“ಅನಿಸ್ತೈತಿ.”

“ಮತ್ತ?”

“ಕೂಡಬೇಕಂತನೂ ಅನಿಸ್ತೈತಿ. ನಾನಾಗೇ ಎದ್ದೆ ಅಂದ್ರ ನಾಳೆ ಬಜಾರದಾಗ ಎಲ್ಲಾರೂ ಏನಂತಾರು? ರೊಟ್ಟಿ ವಾಸನಿಗೆ ಎದ್ದ ಅಂತಾರು. ಹೇಣ್ತಿಗೆ ಅಂಜಿ ಎದ್ದ ಅಂತಾರು. ನನ್ನೊಳಗ ಅರ್ಧ ಏಳು ಅಂತೈತಿ, ಅರ್ಧ ಕೂಡು ಅಂತೈತಿ ಕಸ್ತೂರಿ. ಎರಡೂ ಬಡದಾಡಾಕ ಹತ್ಯಾವು.”

ಆಕೆ ತಲೆ ಎತ್ತಿದಳು. ಕಣ್ಣಿನಲ್ಲಿ ಏನೋ ಹೊಳೆಯಿತು. ಲಗ್ನವಾದ ಹೊಸದರಲ್ಲಿ, ನನ್ನ ಚಪ್ಪಲಿ ಬಚ್ಚಿಟ್ಟು ಏನೂ ಅರಿಯದವಳಂತೆ ನಿಲ್ಲುತ್ತಿದ್ದಾಗ ಕಂಡ ಹೊಳಪು ಅದು.

“ನಮ್ಮಪ್ಪ ಒಂದು ಹೇಳ್ತಿದ್ದ,” ಅಂದಳು. “ಅಮೆರಿಕದಾಗ ಎರಡು ಸಭಾ ಅದಾವಂತ. ಯಾವಾಗ ಏಳೂದು ಅನ್ನೂದರಾಗ ಎರಡಕ್ಕೂ ಒಮ್ಮತ ಆಗ್ಲಿಲ್ಲ ಅಂದ್ರ, ಅಧ್ಯಕ್ಷರು ನಡುವ ಬಂದು ಏಳಿಸಬಹುದಂತ. ಅಲ್ಲೆ ಇನ್ನೂತನಕ ಯಾರೂ ಆ ಅಧಿಕಾರ ಬಳಸಿಲ್ಲಂತ.”

“ನಮ್ಮಲ್ಲೆ ಇರೂದು ಒಂದೇ ಸಭಾ.”

“ಹೌದು. ಇವತ್ತ ಆ ಸಭಾದಾಗ ಇರೂದು ನೀವು ಒಬ್ಬರೇ. ನಿಮ್ಮೊಳಗ ಎರಡು ಆಗ್ಯಾವು ಅಂತ ನೀವೇ ಹೇಳಿದ್ರಿ.”

ನಾನು ಬಾಯಿ ತೆರೆದೆ. ಇಲ್ಲ ಅನ್ನಬಹುದಿತ್ತು. ನನ್ನಲ್ಲಿ ಒಡಕಿಲ್ಲ, ಪೂರ್ತಿ ಸಾವ್ಕಾರನ ಕಡೆಗಿದ್ದೇನೆ ಅಂದಿದ್ದರೆ ಆಕೆಯ ಮಾತು ಗಾಳಿಗೆ ಹೋಗುತ್ತಿತ್ತು. ಗೋಡೆಯ ಮೇಲಿನ ಕೆಂಪು ಅಂಗೈ ಅಗಲ ಉಳಿದಿತ್ತು.

“ಮೆಂಬರ್ರೇ, ಹೇಳ್ರಿ,” ಆಕೆ ಸೆರಗು ಹೊದ್ದು ನೆಟ್ಟಗೆ ನಿಂತು, ಅಧ್ಯಕ್ಷರ ದನಿಯಲ್ಲಿ ಕೇಳಿದಳು. “ಏಳೂ ಹೊತ್ತಿನ ಬಗ್ಗೆ ಸಭಾದಾಗ ಒಮ್ಮತ ಐತೋ ಇಲ್ಲೋ?”

“ಇಲ್ಲ,” ಅಂದೆ.

“ಹಂಗಾರ ಸಭಾ ಬರಖಾಸ್ತು!”

ಆಕೆಗೂ ಅದು ಫಲಿಸುತ್ತದೆಂಬ ಖಾತ್ರಿ ಇರಲಿಲ್ಲ ಎಂದು ಆಮೇಲೆ ಹೇಳಿದಳು. ಮೊದಲು ಬೆಂಚು ಸಣ್ಣಗೆ ನಡುಗಿತು. ಆಮೇಲೆ, ಹೊರೆ ಕೊಡವುವ ಕತ್ತೆಯಂತೆ ಹಿಂಗಾಲು ಎತ್ತಿತು. ನಾನು ಗಾಳಿಯಲ್ಲಿ ಒಂದು ಸುತ್ತು ಹೊಡೆದು ನೇರ ಕಿಟಕಿಯ ಕೆಳಗೆ, ರೊಟ್ಟಿಬುಟ್ಟಿಯ ಬುಡಕ್ಕೆ ಬಿದ್ದೆ. ಹಿಂದಿನಿಂದ ಸರಸರ ಸದ್ದು. ತಿರುಗಿ ನೋಡಿದರೆ ಮೇಜಿನ ಮೇಲಿನ ಕಾಗದದಿಂದ ಠರಾವಿನ ಅಕ್ಷರಗಳು ಎಳ್ಳು ಚೆಲ್ಲಿದಂತೆ ನೆಲಕ್ಕೆ ಉದುರುತ್ತಿದ್ದವು. ಇರುವೆಗಳು ಬಂದು ಒಂದೊಂದಾಗಿ ಹೊತ್ತುಕೊಂಡು ಹೋದವು.

ನೆಲದ ಮೇಲೆ ಕೂತೇ ಎರಡು ರೊಟ್ಟಿ ತಿಂದೆ. ಸೊಂಟ ನೋಯುತ್ತಿತ್ತು. ಆಮೇಲೆ ಓಡಿಹೋಗಿ ಮಾಡಬೇಕಾದ ಕೆಲಸವನ್ನೂ ಮಾಡಿದೆ.

ಕತ್ತಲಾಗುವ ಮುಂಚೆ ಸಾವ್ಕಾರನ ಜೀಪು ಬಂತು. ಅಕ್ಷತೆಯ ಕಾಳು ಇನ್ನೂ ಅವನ ರುಮಾಲಿನ ಮಡಿಕೆಯಲ್ಲಿತ್ತು. ಬಿಳಿ ಕಾಗದ ನೋಡಿ ಮುಖ ಕಪ್ಪಾಯಿತು.

“ಎದ್ದೆ ಏನಲೇ?”

“ನಾ ಏಳಲಿಲ್ಲ ಸಾವ್ಕಾರ್ರೇ. ಎಬ್ಬಿಸಿದ್ರು.”

“ಯಾರು?”

“ಅಧ್ಯಕ್ಷರು. ಕಾಯಿದೆ ಪ್ರಕಾರ. ಬೇಕಂದ್ರ ಬೆಂಚನ್ನ ಕೇಳ್ರಿ.”

ಆಕೆಯನ್ನು ಕುರ್ಚಿಯಿಂದಲೇ ಇಳಿಸುತ್ತೇನೆಂದು ಅವನು ಕೂಗಾಡಿದ. ಅದಕ್ಕೂ ಹತ್ತು ಕೈ ಬೇಕು. ಹಿಂದೆ ಬಂದ ಮೆಂಬರುಗಳು ಹೋಳಿಗೆ ತುಪ್ಪ ಉಂಡ ಭಾರಕ್ಕೆ ಜೀಪಿನಿಂದ ಇಳಿಯಲಾರದೆ ತೂಕಡಿಸುತ್ತಿದ್ದರು. “ನಾಳಿಗೆ ನೋಡೂಣಂತ,” ಅಂದರು. ಮುಂದಿನ ಸಭೆಯಲ್ಲಿ ಅವನು ಅದೇ ಠರಾವನ್ನು ಹೊಸದಾಗಿ ಬರೆಸಿ ತಂದು ಪಾಸು ಮಾಡಿಸಿದ. ಕಸ್ತೂರೆವ್ವ ಈ ಸಲ ಬಾಯ್ತುಂಬ ‘ಬ್ಯಾಡ’ ಅಂದಳು. ಕೈಗಳು ಒಂಬತ್ತಕ್ಕೆ ನಿಂತವು. ನಾನು ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ. ಊರಿನ ಮೈಕಿನ ಕೆಲಸ ತಿಪ್ಪಣ್ಣನಿಗೆ ಹೋಯಿತು. ಅವನ ಭೋಂಗಾ ಇಂದಿಗೂ ನನ್ನ ಕಿವಿಗೆ ಒಗ್ಗಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಮದುವೆಯ ಆ ದಿನ ಮನೆಗೆ ಬಂದಾಗ ಕಸ್ತೂರೆವ್ವ ಒಲೆಯ ಮುಂದೆ ಕೂತಿದ್ದಳು. ಗೆದ್ದ ಸಂಭ್ರಮವೇನೂ ಮುಖದಲ್ಲಿರಲಿಲ್ಲ. ದಣಿದಿದ್ದಳು. ನಾನು ಬಾಗಿಲಲ್ಲೇ ನಿಂತೆ. ಅಧ್ಯಕ್ಷರ ಬಾಯಿಯಲ್ಲಿ ಇನ್ನೊಂದು ಮಾತಿದೆ, ‘ಮಾಫಿ’. ಆ ಮಾತು ಅಂದರೆ ಠಾಣೆಯ ಬೀಗ ತಾನೇ ಕಳಚುತ್ತದೆ, ತಪ್ಪು ಮಾಡಿದವನ ಹೆಗಲು ಹಗುರಾಗುತ್ತದೆ ಎಂದು ಕೇಳಿದ್ದೆ.

“ಅಧ್ಯಕ್ಷರೇ, ನನಗೊಂದು ಮಾಫಿ ಕೊಡ್ರಿ,” ಅಂದೆ, ಅರ್ಧ ತಮಾಷೆಗೆ.

ಆಕೆ ನನ್ನನ್ನು ನೋಡಿದಳು. “ಮಾಫಿ,” ಅಂದಳು. ಕಾದೆ. ನನ್ನ ಹೆಗಲು ಇದ್ದಷ್ಟೇ ಭಾರವಿತ್ತು. ಎದೆಯೂ ಅಷ್ಟೇ.

“ಏನೂ ಆಗ್ಲಿಲ್ಲಲ್ಲ,” ಅಂದೆ.

“ಆಗೂದಿಲ್ಲ. ಅದು ಊರಿಗೆ ಮಾಡಿದ ತಪ್ಪಿಗೆ ಅಷ್ಟೇ ನಡೀತೈತಿ. ಮನೀ ತಪ್ಪು ಅಧ್ಯಕ್ಷರ ಕೈಯಾಗ ಇಲ್ಲ.”

“ಮತ್ತ ಯಾರ ಕೈಯಾಗ ಐತಿ?”

ಆಕೆ ಸ್ವಲ್ಪ ಸರಿದು ಒಲೆಯ ಮುಂದೆ ಜಾಗ ಮಾಡಿದಳು. “ಕೂಡ್ರಿ. ಹಿಟ್ಟು ನಾದಿಟ್ಟೀನಿ. ಮುಂಜಾನಿಂದ ನಾ ಏನೂ ತಿಂದಿಲ್ಲ.”

ಊರಿಗೆಲ್ಲ ರೊಟ್ಟಿ ತಿನ್ನಿಸಿದವಳಿಗೆ ಯಾರೂ ರೊಟ್ಟಿ ಬಡಿದು ಕೊಟ್ಟಿರಲಿಲ್ಲ. ನಾನು ತೋಳೇರಿಸಿ ಕೂತೆ. ಮೊದಲನೆಯದು ಕೈಯಲ್ಲೇ ಹರಿಯಿತು. ಎರಡನೆಯದು ಹೆಂಚಿನ ಮೇಲೆ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿ ಉಳಿಯಿತು. ಅದನ್ನೇ ತಾಟಿಗೆ ಹಾಕಿದೆ. ಆಕೆ ಸೀದದ್ದನ್ನು ಕೆರೆದು, ಮುರಿದು, ಮೊಸರಿಗೆ ಅದ್ದಿ ತಿಂದಳು. ಚೊಲೋ ಆಗೇತಿ ಎಂದೇನೂ ಅನ್ನಲಿಲ್ಲ. ತಾಟನ್ನು ನನ್ನ ಕಡೆ ಸರಿಸಿ, “ಇನ್ನೊಂದು ಬಡೀರಿ,” ಅಂದಳು.